ಪುಣೆ ಮಲಗಿದ್ದ ಮಧ್ಯಾಹ್ನ

ಪುಣೆಗೆ ಮಧ್ಯಾಹ್ನ ಹೋಗಿ ಇಳಿಯಬಾರದು ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುತ್ತಿರಲಿಲ್ಲ, ಆ ಮಾತು ಬೇರೆ. ನಸುಕಿನಲ್ಲಿ ಧಾರವಾಡದ ಬಸ್ಸು ಹತ್ತಿದಾಗ ನನ್ನ ಜೊತೆ ಮೂವರು ವಿದ್ಯಾರ್ಥಿಗಳು, ಒಂದು ತಂಬೂರಿ, ಎರಡು ಕಿಲೋ ಪೇಡೆ. ನಮ್ಮ ಪಕ್ಕದ ಮನೆಯ ಗುರುಗಳು ಹಿಂದೂಸ್ತಾನಿ ಗಾಯನ ಕಲಿಸುತ್ತಾರೆ. ಅವರಲ್ಲಿ ಕಲಿಯಲು ಹೊರದೇಶದಿಂದ ಬಂದ ಮಕ್ಕಳಿಗೆ ಊಟ ಹಾಕುವವಳು ನಾನು. ಪುಣೆಯಲ್ಲಿ ಗುರುಗಳ ಹಳೆಯ ಸ್ನೇಹಿತರ ಮನೆಯಲ್ಲಿ ಸಂಜೆ ಆರಕ್ಕೆ ಹಾಡುವವರದೊಂದು ಸಣ್ಣ ಬೈಠಕ್ ಇತ್ತು. ಗುರುಗಳಿಗೆ ಮೊಣಕಾಲು ನೋವು. "ನೀವ ಕರಕೊಂಡ ಹೋಗ್ರಿ. ನನ್ನ ಮಾತಿಗಿಂತ ನಿಮ್ಮ ರೊಟ್ಟಿ ಮಾತು ಜಾಸ್ತಿ ಕೇಳತಾವ ಅವು" ಎಂದು ನನ್ನನ್ನು ಹೊರಡಿಸಿದರು.

ನೇಪಾಳದ ಬಿವೇಕ್ ಮತ್ತು ಪೋಲಂಡಿನ ತೋಮೆಕ್ ಬಸ್ಸು ಬೆಳಗಾವಿ ದಾಟುವ ಮೊದಲೇ ನಿದ್ದೆ ಹೋದರು. ಶ್ರೀಲಂಕಾದ ದಿಲಿನಿ ಮಾತ್ರ ತಂಬೂರಿಯನ್ನು ತಬ್ಬಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಮುಂದಿನ ವಾರ ಆಕೆಗೆ ಕೊಲಂಬೊ ವಿಮಾನ. ಅವಳ ಅಪ್ಪ ಎರಡು ವರ್ಷದ ಹಿಂದೆ ಹೇಳಿ ಕಳಿಸಿದ್ದರಂತೆ: ನಾಲ್ಕು ಜನರ ಮುಂದೆ ಹಾಡುವಂತಾದರೆ ಮುಂದುವರಿಸು, ಇಲ್ಲವಾದರೆ ಬಂದು ಶಾಲೆಯಲ್ಲಿ ಟೀಚರ್ ಆಗು. ಈ ಹುಡುಗಿಯೋ, ಗುರುಗಳ ಮುಂದೆ ಬಿಟ್ಟರೆ ಯಾರ ಮುಂದೆಯೂ ಬಾಯಿ ಬಿಟ್ಟವಳಲ್ಲ. ಅಡುಗೆಮನೆಯಿಂದ ನಾನು ಇಣುಕಿದರೂ ದನಿ ಗಂಟಲಿಗೆ ಇಳಿದುಬಿಡುತ್ತಿತ್ತು. ಇದು ಅವಳಿಗೆ ಕೊನೆಯ ಅವಕಾಶ.

"ಇವತ್ತರ ಹಾಡ್ತೀಯೋ ಇಲ್ಲೊ?" ಎಂದು ನೇರವಾಗಿಯೇ ಕೇಳಿದೆ.

"ನನಗ ಪೂರಾ ಬರೂದು ಭೀಮಪಲಾಸಿ ಒಂದ ರೀ ಅಕ್ಕಾ. ಅದು ಮಧ್ಯಾಹ್ನದ ರಾಗ. ಬೈಠಕ್ ಆರಕ್ಕ ಅದ. ಹೊತ್ತು ಮೀರಿದ ಮ್ಯಾಲೆ ಹೆಂಗ ಹಾಡೂದು? ನಾ ತಂಬೂರಿ ಮೀಟತೀನಿ."

"ಭಾಳ ಶ್ಯಾಣ್ಯಾಕಿ ನೀನು" ಎಂದೆ. ನಕ್ಕಳು. ನನ್ನ ಊಟದ ಮನೆಯಲ್ಲಿ ಕಲಿತ ಕನ್ನಡವನ್ನು ನನ್ನ ಮೇಲೆಯೇ ತಿರುಗಿಸುವುದು ಇವರಿಗೆಲ್ಲ ಚೆನ್ನಾಗಿ ಗೊತ್ತು.

ಕೊಲ್ಹಾಪುರದಲ್ಲಿ ಚಹಾ, ಸಾತಾರೆಯಲ್ಲಿ ವಡಾಪಾವ್. ಬಿಸಿಲು ಏರಿದಂತೆ ಕಬ್ಬಿನ ಹೊಲಗಳು ತೆಳ್ಳಗಾಗಿ ಬೋಳು ಗುಡ್ಡಗಳು ಬಂದವು. ಕಾತ್ರಜದ ಸುರಂಗದೊಳಗೆ ಹೊಕ್ಕಾಗ ಬಸ್ಸಿನ ಮಾತೆಲ್ಲ ನಿಂತಿತು. ಆಚೆ ಹೊರಬಂದಾಗ ಕೆಳಗೆ ಪುಣೆ, ಬಿಸಿಲಿನ ಮಬ್ಬಿನಲ್ಲಿ, ಯಾರೋ ಕನಸಿನ ನಡುವೆ ನೆನಪಿಸಿಕೊಂಡ ಊರಿನಂತೆ ಹರಡಿಕೊಂಡಿತ್ತು.

ಸ್ವಾರಗೇಟದಲ್ಲಿ ಇಳಿದಾಗ ಒಂದೂವರೆ ದಾಟಿತ್ತು. ಎರಡು ರಿಕ್ಷಾ ಹಿಡಿದೆವು. ನಾವು ಕೇಳದೆಯೇ ಚಾಲಕ ಮೀಟರ್ ಹಾಕಿದ. ನಾನು ಖುಷಿಯಿಂದ ಅವನ ಬೆನ್ನನ್ನೇ ನೋಡುತ್ತ ಕುಳಿತೆ. ಸದಾಶಿವ ಪೇಟೆಯ ಓಣಿಗೆ ಬಂದರೆ ಅಂಗಡಿಗಳ ಷಟರುಗಳೆಲ್ಲ ಕೆಳಗಿಳಿದಿವೆ. ರಸ್ತೆಯಲ್ಲಿ ಒಂದು ನಾಯಿ, ಅದೂ ಮಲಗಿತ್ತು.

ಓಣಿಯ ಬಾಯಿಯಲ್ಲಿ ತೆರೆದಿದ್ದದ್ದು ಉಡುಪಿ ಕಡೆಯ ಶೆಟ್ಟರ ಹೋಟೆಲ್ ಒಂದೇ. ಆರಡಿ ಎತ್ತರದ ತೋಮೆಕ್ ಬಾಳೆಎಲೆಯ ಮುಂದೆ ಕುಳಿತು, "ಮಾಲಕರ, ಸಾರು ಭಾಳ ಛಲೋ ಆಗೇದ, ಇನ್ನೊಂದೀಟು ಹಾಕ್ರಿ" ಎಂದ. ಶೆಟ್ಟರ ಕೈಯ ಸೌಟು ಗಾಳಿಯಲ್ಲೇ ನಿಂತಿತು.

"ಎಂಥದು ಮಾರಾಯ್ರೆ ಇದು! ನನ್ನ ಮಗನಿಗೆ ಬರೀ ಮರಾಠಿ. ಈ ಜನಕ್ಕೆ ಕನ್ನಡ!" ಎಂದರು. ನಾವು ಹೋಗಬೇಕಾದ ಮನೆ ಯಾರದೆಂದು ಕೇಳಿ ತಿಳಿದ ಮೇಲೆ ದನಿ ತಗ್ಗಿಸಿದರು. "ಕುಲಕರ್ಣಿಯವರ ಮನೆಗಾ? ಈಗವಾ? ನಾಲ್ಕರ ತನಕ ಬೆಲ್ಲಿಗೆ ಕೈ ಹಾಕಬೇಡಿ ಆಯ್ತಾ? ಅವರ ಸ್ವಂತ ಅಳಿಯ ಒಮ್ಮೆ ಬೆಲ್ ಒತ್ತಿ, ಇಲ್ಲಿ ಬಂದು ಮೂರು ಕಾಫಿ ಕುಡಿದಿದ್ದಾನೆ."

ಗುರುಗಳ ಆ ಸ್ನೇಹಿತ ಕುಲಕರ್ಣಿ ಅಜ್ಜ ವಿಜಯಪುರದ ಕಡೆಯವರು. ಪುಣೆಯಲ್ಲೇ ಖಡಕಿಯ ಕಾರ್ಖಾನೆಯ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಹಲವು ಮನೆಗಳ ಹಳೆಯ ವಾಡೆಯ ಮೊದಲ ಮಹಡಿಯಲ್ಲಿ ಅವರ ಮನೆ. ಬಾಗಿಲ ಮೇಲೆ ಮರಾಠಿಯಲ್ಲಿ ಒಂದು ಫಲಕ: ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬೆಲ್ ಒತ್ತಬಾರದು, ಒತ್ತಿದರೆ ಬಾಗಿಲು ತೆರೆಯುವುದಿಲ್ಲ. ಅದರ ಕೆಳಗೆ ಕನ್ನಡದಲ್ಲಿ ಒಂದೇ ಸಾಲು: "ಕನ್ನಡಿಗರಿಗೂ ಇದೇ ನಿಯಮ."

ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟು ದೂರದಿಂದ ಬಂದಿದ್ದೇವೆ, ಕಾಲು ಊದಿವೆ, ಇವರಿಗೆ ನಿದ್ದೆ! ಬೆರಳು ಎತ್ತಿಯೇಬಿಟ್ಟೆ. ಮೂವರೂ "ಅಕ್ಕಾ!" ಎಂದು ಪಿಸುಗುಟ್ಟಿ ನನ್ನ ಕೈ ಹಿಡಿದರು. ನಮ್ಮ ಗುರುಗಳ ಮನೆಯಲ್ಲೂ ಇದೇ ಪದ್ಧತಿ ಎಂಬುದು ಆಗ ನೆನಪಾಯಿತು. ಅವರು ಮಧ್ಯಾಹ್ನ ಮಲಗಿದಾಗ ಯಾರೂ ಬಾಗಿಲು ಬಡಿಯುವಂತಿಲ್ಲ. ಮಕ್ಕಳು ಹೊರಗಿನ ಕಟ್ಟೆಯ ಮೇಲೆ ಕುಳಿತು, ತಮಗಷ್ಟೇ ಕೇಳುವ ಕೆಳದನಿಯಲ್ಲಿ ಸ್ವರ ಹಚ್ಚುತ್ತಾರೆ. ನಿದ್ದೆಯ ರಿಯಾಜ್ ಎಂದು ಅದಕ್ಕೆ ಮಕ್ಕಳೇ ಇಟ್ಟ ಹೆಸರು.

ಮರದ ಮೆಟ್ಟಿಲುಗಳ ಮೇಲೆ ಕುಳಿತೆವು. ಮೇಲಿನ ಗಾಜಿನ ಹೆಂಚಿನಿಂದ ಒಂದು ಬೆಳಕಿನ ಕೋಲು ಇಳಿದಿತ್ತು, ಅದರೊಳಗೆ ಧೂಳು ಅವಸರವಿಲ್ಲದೆ ತೇಲುತ್ತಿತ್ತು. ಒಳಗೆಲ್ಲೋ ಫ್ಯಾನಿನ ಕಿರಕಿರ, ಇನ್ನೊಂದು ಮನೆಯಲ್ಲಿ ಯಾರದೋ ಗೊರಕೆ. ದಿಲಿನಿ ತಂಬೂರಿಯ ಗವಸು ಬಿಚ್ಚಿದಳು. ಅಭ್ಯಾಸಬಲ. ಊಟವಾದ ಮೇಲೆ ಮುಚ್ಚಿದ ಬಾಗಿಲೊಂದರ ಮುಂದೆ ಕುಳಿತರೆ ಅವಳ ಬೆರಳು ತಂತಿಯ ಮೇಲೇ ಹೋಗುತ್ತವೆ. ಕೆಳದನಿಯಲ್ಲಿ ತಳದ ಷಡ್ಜ ಹಿಡಿದಳು. ಬಿವೇಕ್ ಗೋಡೆಗೆ ಒರಗಿದ, ತೋಮೆಕ್ ಕಣ್ಣು ಮುಚ್ಚಿದ. ನನಗೆ ಸಂಗೀತ ತಿಳಿಯುವುದಿಲ್ಲ, ನಿದ್ದೆ ತಿಳಿಯುತ್ತದೆ. ಅರೆನಿದ್ದೆಯಲ್ಲಿ ಮೆಟ್ಟಿಲುಗಳು ಒಂದೊಂದಾಗಿ ನೀರಿಗೆ ಇಳಿದಂತಾಯಿತು, ನಾವೆಲ್ಲ ಅದರ ಮೇಲೆ ದೋಣಿಯಂತೆ ಹೊರಟಂತಾಯಿತು. ದನಿ ಯಾವಾಗ ದೊಡ್ಡದಾಯಿತೋ ನನಗೆ ತಿಳಿಯಲಿಲ್ಲ. ಅವಳಿಗೂ ತಿಳಿದಿರಲಿಕ್ಕಿಲ್ಲ.

ಚಿಲಕದ ಸದ್ದಾಯಿತು. ದನಿ ಅಲ್ಲೇ ತುಂಡಾಯಿತು.

ಬಾಗಿಲಲ್ಲಿ ಬನಿಯನ್, ಪಾಯಿಜಾಮದ ಅಜ್ಜ. ಕೆನ್ನೆಯ ಮೇಲೆ ದಿಂಬಿನ ಗೆರೆ. ಅವರ ಬೆನ್ನ ಹಿಂದೆ ಗೋಡೆ ಗಡಿಯಾರದಲ್ಲಿ ಮೂರೂವರೆಯೂ ಆಗಿರಲಿಲ್ಲ.

"ಬೆಲ್ ಯಾರೂ ಮುಟ್ಟಿಲ್ರಿ" ಎಂದು ನಾನು ಮೊದಲೇ ಹೇಳಿದೆ.

"ಮುಟ್ಟಿದ್ರ ಬಾಗಲಾ ತಗೀತಿದ್ದಿಲ್ಲ. ಯಾರ ಹಾಡಿದವರು?"

ದಿಲಿನಿ ಎದ್ದು ನಿಂತಳು. "ತಪ್ಪಾತ್ರಿ ಅಜ್ಜಾರ. ನಿದ್ದಿ ಕೆಡಿಸಿದೆ."

"ಕೆಡಿಸಿದಿ ಖರೆ. ನಡುವ ಯಾಕ ಬಿಟ್ಟಿ? ಹಿಂಗ ಅರ್ಧಕ್ಕ ಬಿಟ್ರ ನನಗ ಇನ್ನ ರಾತ್ರಿನೂ ನಿದ್ದಿ ಬರೂದಿಲ್ಲ."

ಮೇಲಿನಿಂದ ಯಾರೋ ಮರಾಠಿಯಲ್ಲಿ "ಥಾಂಬೂ ನಕೋಸ ಗಂ!" ಎಂದರು, ನಿಲ್ಲಿಸಬೇಡಮ್ಮಾ ಎಂದು. ತಲೆ ಎತ್ತಿ ನೋಡಿದರೆ ಎರಡು ಮಹಡಿಯ ಬಾಗಿಲುಗಳೂ ಅರ್ಧ ತೆರೆದಿವೆ. ಕಟಾಂಜನಕ್ಕೆ ಆತುಕೊಂಡು ಜಡೆ ಬಿಚ್ಚಿದ ಹೆಂಗಸರು, ಲುಂಗಿಯ ಗಂಡಸರು, ಎಲ್ಲರ ಕಣ್ಣಲ್ಲೂ ಇನ್ನೂ ನಿದ್ದೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ.

ದಿಲಿನಿ ನನ್ನ ಕೈ ಹಿಡಿದಳು. "ಮುಂದಿನ ವಾರ ನಾ ಊರಿಗೆ ಹೊಂಟೀನ್ರಿ" ಎಂದಳು ಅಜ್ಜನಿಗೆ, ಅದೇ ಉತ್ತರ ಎಂಬಂತೆ.

"ಹೋಗವಾ. ಮೊದಲ ಇದನ್ನ ಮುಗಿಸು. ಭೀಮಪಲಾಸಿ ಹೊತ್ತು ಇನ್ನೂ ಅದ."

ಆ ನೆಪವೂ ಹೋಯಿತು. ಅವಳು ಕುಳಿತಳು. ಮೊದಲ ಸ್ವರ ನಡುಗಿತು. ಎರಡನೆಯದು ನಿಂತಿತು. ಅಜ್ಜ ಹೊಸ್ತಿಲ ಮೇಲೆಯೇ ಕುಳಿತುಬಿಟ್ಟರು. ಸ್ವಲ್ಪ ಹೊತ್ತಿಗೆ ದಿಲಿನಿ ಕಣ್ಣು ತೆರೆದಳು, ಅಷ್ಟು ಜನರನ್ನೂ ನೋಡಿದಳು, ನೋಡುತ್ತಲೇ ಹಾಡಿದಳು.

ಸಂಜೆಯ ಬೈಠಕ್‌ನಲ್ಲಿ ಬಿವೇಕ್ ಮತ್ತು ತೋಮೆಕ್ ಚೆನ್ನಾಗಿಯೇ ಹಾಡಿದರು. ಬಂದ ಪ್ರತಿಯೊಬ್ಬರಿಗೂ ಅಜ್ಜ ಮಾತ್ರ ಒಂದೇ ಮಾತು ಹೇಳಿದರು: "ತಡಾ ಮಾಡಿ ಬಂದ್ರಿ. ಛಲೋದು ಮೆಟ್ಟಲ ಮ್ಯಾಲೆ ಆಗಿಹೋತು."

ಮೆಟ್ಟಿಲು ಇಳಿಯುವಾಗ ದಿಲಿನಿ ಕೇಳಿದಳು, "ಅಕ್ಕಾ, ಸಂಜಿ ರಾಗ ಒಂದು ಪೂರಾ ಕಲೀಲಿಕ್ಕೆ ಎಷ್ಟು ದಿನಾ ಬೇಕ್ರಿ?"

"ನನಗೇನ ಗೊತ್ತ? ನಾ ಅಡಗಿ ಮಾಡಾಕಿ. ಮೊದಲ ನಿಮ್ಮಪ್ಪಗ ಫೋನ್ ಹಚ್ಚು."

ಶೆಟ್ಟರ ಹೋಟೆಲಿನ ದೀಪದ ಕೆಳಗೆ ನಿಂತು ಸಿಂಹಳದಲ್ಲಿ ಬಹಳ ಹೊತ್ತು ಮಾತಾಡಿದಳು. ನಡುವೆ ಫೋನಿಗೆ ಕೈ ಅಡ್ಡ ಹಿಡಿದು, "ಎಷ್ಟು ಮಂದಿ ಕೇಳಿದ್ರು ಅಂತ ಕೇಳತಾರ್ರಿ ಅಪ್ಪಾ" ಎಂದಳು.

"ಮಲಗಿದ್ದ ಓಣಿನ ಎದ್ದು ಕೂತಿತ್ತು ಅಂತ ಹೇಳು."

ಹೇಳಿದಳು. ಆ ಕಡೆಯಿಂದ ಒಂದು ನಗು ಕೇಳಿಸಿತು.

ಇವತ್ತು ಧಾರವಾಡದಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಆ ಕೊಲಂಬೊ ವಿಮಾನ ಒಂದು ಸೀಟು ಖಾಲಿ ಇಟ್ಟುಕೊಂಡೇ ಹೋಗಿ ತಿಂಗಳಾಯಿತು. ಮಧ್ಯಾಹ್ನದ ಊಟ ಮುಗಿದಿದೆ, ಪಕ್ಕದ ಮನೆಯಲ್ಲಿ ಗುರುಗಳು ಮಲಗಿದ್ದಾರೆ. ಹೊರಗಿನ ಕಟ್ಟೆಯ ಮೇಲೆ ಒಬ್ಬಳು, ಸಂಜೆಯ ರಾಗವೊಂದನ್ನು, ತಪ್ಪು ಹೊತ್ತಿನಲ್ಲಿ, ಮೆಲ್ಲಗೆ ತಿದ್ದಿಕೊಳ್ಳುತ್ತಿದ್ದಾಳೆ.