ಸಪ್ಪೆ ಎಡೆ

ಮಂಡ್ಯದ ಕಾನ್ವೆಂಟಿನಲ್ಲಿ ಓದುವಾಗ ಸಿಸ್ಟರುಗಳು ನಮಗೆ ದೆವ್ವ ಇಲ್ಲವೆಂದು ಖಚಿತವಾಗಿ ಹೇಳಿಕೊಟ್ಟಿದ್ದರು. ಪವಿತ್ರಾತ್ಮ ಅಂತ ಒಂದಿದೆ, ಅದು ಬೇರೆ ವಿಷಯ, ಅದರ ಬಗ್ಗೆ ಜಾಸ್ತಿ ಪ್ರಶ್ನೆ ಬೇಡ ಎಂದೂ ಹೇಳಿದ್ದರು. ಅದೇ ಶಾಲೆಯ ಲೈಬ್ರರಿಯ ಕೆಳಸಾಲಿನಲ್ಲಿ ಇಂಗ್ಲಿಷಿನ ದೆವ್ವದ ಕಥೆಗಳ ಪುಸ್ತಕ ಆರೇಳು ಇದ್ದವು. ಇಡೀ ಲೈಬ್ರರಿಯಲ್ಲಿ ಚೆನ್ನಾಗಿ ಹರಿದುಹೋಗಿದ್ದವು ಅವೇ. ಆ ದೆವ್ವಗಳೆಲ್ಲ ಕೋಟೆಯಂಥ ಮನೆಗಳಲ್ಲಿ ಇರುತ್ತಿದ್ದವು, ನಿಟ್ಟುಸಿರು ಬಿಡುತ್ತಿದ್ದವು, ಸುಮ್ಮನೆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದವು. ಇನ್ನೂರು ವರ್ಷ ಅಲೆದರೂ ಒಂದಕ್ಕೂ ಹಸಿವಾದ ಸುದ್ದಿ ಇರಲಿಲ್ಲ.

ಮದುವೆಯಾಗಿ ಮಳವಳ್ಳಿಗೆ ಬಂದ ಮೇಲೆ ಈ ವಿಷಯದಲ್ಲಿ ನನ್ನ ಮುಂದಿನ ವಿದ್ಯಾಭ್ಯಾಸ ನಡೆದದ್ದು ಟೀವಿ ಮುಂದೆ, ಮಾವನವರ ಪಕ್ಕದಲ್ಲಿ. ಅವರು ಹತ್ತಿರದ ಬ್ಲಫ್ ಅನ್ನುವ ಊರಿನ ಪವರ್ ಸ್ಟೇಷನ್ನಿನಲ್ಲಿ ದುಡಿದು ರಿಟೈರ್ ಆದವರು. ಮಧ್ಯಾಹ್ನ ಬರುವ ದೆವ್ವದ ಸಿನಿಮಾ ಒಂದನ್ನೂ ಬಿಡುತ್ತಿರಲಿಲ್ಲ. ದೆವ್ವ ಬರುವ ಹೊತ್ತಿಗೆ ತೆರೆಯ ಮೇಲೆ ಬಲ್ಬು ಮಿಣಮಿಣ ಅಂದರೆ ಸಾಕು, "ದೆವ್ವ ಅಲ್ಲ ಕಣಮ್ಮ ಅದು, ಲೂಸ್ ಕನೆಕ್ಸನ್ನು" ಎನ್ನುತ್ತಿದ್ದರು. ನನ್ನ ತಕರಾರು ದೆವ್ವದ ಬಿಳಿ ಸೀರೆಯದ್ದು. ನಮ್ಮ ಬೋರ್‌ವೆಲ್ ನೀರಿನಲ್ಲಿ ನಾಲ್ಕು ಸಲ ಒಗೆದರೆ ಎಂಥ ಬಿಳಿ ಬಟ್ಟೆಯೂ ಟೀ ಸೋಸುವ ಬಟ್ಟೆಯ ಬಣ್ಣಕ್ಕೆ ಬರುತ್ತದೆ. ಸ್ಮಶಾನದಲ್ಲಿ ಸಂಸಾರ ಮಾಡುವವಳಿಗೆ ಅಷ್ಟು ಬೆಳ್ಳಗಿನ ಸೀರೆ, ಅದಕ್ಕೆ ಗಂಜಿ, ಇಸ್ತ್ರಿ ಬೇರೆ. ನಾವಿಬ್ಬರೂ ಹೀಗೆ ಆಡಿಕೊಳ್ಳುವಾಗ ಅತ್ತೆ ಅವರೆಕಾಯಿ ಸುಲಿಯುತ್ತ, ಕರೆಯದೆ ಬರುವ ಈ ದೆವ್ವಗಳಿಗೆ ಮಾನ ಇಲ್ಲ, ನಮ್ಮ ಹಿರೀಕರು ವರ್ಷಕ್ಕೊಂದು ಸಲ ಕರೆದಾಗ ಬಂದು, ಉಂಡು, ಮರ್ಯಾದೆಯಾಗಿ ಹೋಗುತ್ತಾರೆ ಎನ್ನುತ್ತಿದ್ದರು.

ಮಾವನವರಿಗೆ ಬಿ.ಪಿ. ಏರಿದ್ದು, ಉಪ್ಪು ನಿಲ್ಲಿಸಿ ಎಂದು ಡಾಕ್ಟರು ಹೇಳಿದ್ದು ಅವರ ಕೊನೆಯ ಆರು ವರ್ಷಗಳ ಕಥೆ. ಡಾಕ್ಟರ ಇಂಗ್ಲಿಷನ್ನು ಓದುವವಳು ನಾನೇ ಆದ್ದರಿಂದ ಉಪ್ಪಿನ ಕಾವಲು ನನಗೇ ಬಂತು. ದಿನಾ ಸಾರು ಕುದಿಯುವಾಗ ಮೊದಲು ಅವರ ಪಾಲನ್ನು ಪುಟ್ಟ ಪಾತ್ರೆಗೆ ತೆಗೆದಿಟ್ಟು, ಆಮೇಲೆ ಉಳಿದದ್ದಕ್ಕೆ ಉಪ್ಪು ಹಾಕುತ್ತಿದ್ದೆ. ಅವರು ಎದುರಾಡುತ್ತಿರಲಿಲ್ಲ. ಪೆನ್ಷನ್ ಬಂದ ದಿನ ಬ್ಯಾಂಕಿನಲ್ಲಿ ಕ್ಯೂ ಇತ್ತು ಎಂದು ತಡವಾಗಿ ಬರುತ್ತಿದ್ದರು, ಅಷ್ಟೆ. ಒಗೆಯಲು ತೆಗೆದುಕೊಂಡ ಅಂಗಿಯ ಜೇಬಿನಲ್ಲಿ ಎಣ್ಣೆ ಕುಡಿದ ಪೇಪರು, ಅದರೊಳಗೆ ಎರಡು ಚೂರು ಈರುಳ್ಳಿ. ಬ್ಯಾಂಕಿನ ಕ್ಯೂ ಮದ್ದೂರಿನ ವಡೆ ಹೋಟೆಲಿನವರೆಗೂ ಹೋಗಿತ್ತು ಎಂದು ತಿಳಿಯಲು ನನಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ನಾನು ಅದನ್ನೂ ನಿಲ್ಲಿಸಿದೆ.

ತೀರಿಕೊಳ್ಳುವ ಹಿಂದಿನ ದಿನ ತಟ್ಟೆ ಮುಂದೆ ಕೂತು, ಒಂದೇ ಒಂದು ಕಾಳು ಉಪ್ಪು ಎಂದು ಬೆರಳು ತೋರಿಸಿ ಕೇಳಿದ್ದರು. ನಾನು ನಕ್ಕು, ತಲೆಯಾಡಿಸಿ ಒಳಗೆ ಹೋಗಿದ್ದೆ.

ಅವರು ಹೋದ ಮೇಲಿನ ಮೊದಲ ಪಿತೃಪಕ್ಷದ ಹಬ್ಬ. ನಮ್ಮ ಕಡೆ ಆ ದಿನ ಸತ್ತವರ ಫೋಟೊ ಇಟ್ಟು, ಹೊಸ ಬಟ್ಟೆ ಇಟ್ಟು, ಬದುಕಿದ್ದಾಗ ಅವರು ಏನೇನು ಇಷ್ಟಪಡುತ್ತಿದ್ದರೋ ಎಲ್ಲವನ್ನೂ ಎಲೆ ತುಂಬ ಬಡಿಸಿ ಎಡೆ ಇಡುತ್ತೇವೆ. ಆಮೇಲೆ ಕೋಣೆಯ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರಬೇಕು. ಹಿರಿಯರು ಬಂದು ಉಣ್ಣುವ ಹೊತ್ತು ಅದು. ವಾರದ ಮುಂಚೆಯೇ ಅತ್ತೆ ನನ್ನ ಕೈ ಹಿಡಿದುಕೊಂಡು ಹೇಳಿದ್ದರು: "ಅವ್ರು ಬಾಯ್ ಕೆಡಿಸ್ಕಂಡೇ ಓದ್ರು ಕಣವ್ವ. ಈ ಒಂದ್ ದಿನ ಕೈ ಇಡೀಬ್ಯಾಡ. ರುಚಿಯಾಗಿ ಉಣ್ಲಿ." ಅವರಿಗೆ ಹಬ್ಬದಲ್ಲಿ ಬೇಕಾಗಿದ್ದದ್ದು ಅದೊಂದೇ.

ನಾನೂ ಕೈ ಹಿಡಿಯಲಿಲ್ಲ. ಮಟನ್ ಸಾರು, ಕೈಮ ಉಂಡೆ, ಬೋಟಿ ಗೊಜ್ಜು, ಮುದ್ದೆ, ಪಾಯಸ. ನಮ್ಮ ಯಜಮಾನರು ಬೆಳಿಗ್ಗೆಯೇ ಮದ್ದೂರಿಗೆ ಹೋಗಿ ವಡೆ ತಂದಿದ್ದರು. ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರ್ ಬ್ರಾಂದಿ ಕೂಡ ಎಲೆಯ ಪಕ್ಕ ಬಂದು ಕೂತವು. ಡಾಕ್ಟರು ಕೊಟ್ಟ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ ಅಡುಗೆ ಮಾಡಿದ ಹಾಗಿತ್ತು ಆ ಎಡೆ. ಧೂಪ ಹಾಕಿ ಎಲ್ಲರೂ ಅಡ್ಡಬಿದ್ದೆವು. ಬಾಗಿಲು ಮುಚ್ಚಿ ಜಗುಲಿಯ ಮೇಲೆ ಕೂತೆವು. ಅತ್ತೆ ಕಣ್ಣು ಮುಚ್ಚಿದ್ದರು. ಮುಖದಲ್ಲಿ ಗಂಡ ಊಟಕ್ಕೆ ಕೂತ ಸಮಾಧಾನ.

ನಮ್ಮ ಊಟಕ್ಕೆ ಎಲೆ ಒರೆಸಿಡೋಣವೆಂದು ನಾನು ಅಡುಗೆಮನೆಗೆ ಹೋದೆ. ಒಲೆಯ ಪಕ್ಕದಲ್ಲಿ ಹಬ್ಬಕ್ಕೆಂದು ತೊಳೆದು ಬೋರಲು ಹಾಕಿದ್ದ ಉಪ್ಪಿನ ಡಬ್ಬಿ ಇನ್ನೂ ಬೋರಲಾಗಿಯೇ ಇತ್ತು. ಹೊಸ ಉಪ್ಪಿನ ಪ್ಯಾಕೆಟ್ಟು ಬಾಯಿ ಹೊಲಿದುಕೊಂಡು ನಿಂತಿತ್ತು, ಯಾರೂ ಕತ್ತರಿಸಿರಲಿಲ್ಲ.

ಎಡೆಯ ಅಡುಗೆಯನ್ನು ಮೊದಲೇ ರುಚಿ ನೋಡುವ ಹಾಗಿಲ್ಲ, ಎಂಜಲಾಗುತ್ತದೆ. ಬೆಳಿಗ್ಗೆಯಿಂದ ಪ್ರತಿ ಪಾತ್ರೆಗೂ 'ಇದು ಮಾವನವರದು, ಇದು ಮಾವನವರದು' ಅಂದುಕೊಂಡೇ ಒಗ್ಗರಣೆ ಹಾಕಿದ್ದೆ. ಆರು ವರ್ಷ ಪಳಗಿದ ಕೈ, ಮಾವನವರದು ಅಂದಮೇಲೆ ಉಪ್ಪಿನ ಕಡೆಗೆ ಹೋಗಿರಲೇ ಇಲ್ಲ. ಇಡೀ ಎಡೆಯಲ್ಲಿ ಉಪ್ಪಿದ್ದದ್ದು ಮದ್ದೂರು ವಡೆಯೊಂದರಲ್ಲೇ.

ಮುಚ್ಚಿದ ಬಾಗಿಲನ್ನು ನಡುವೆ ತೆಗೆಯಬಾರದು, ಉಣ್ಣುತ್ತಿರುವವರು ಎದ್ದು ಹೋಗುತ್ತಾರಂತೆ. ಸಿಸ್ಟರುಗಳ ಲೆಕ್ಕದಲ್ಲಿ ನೋಡಿದರೆ ತಾಪತ್ರಯವೇ ಇರಲಿಲ್ಲ. ಒಳಗೆ ಯಾರೂ ಇಲ್ಲ. ಯಾರೂ ಇಲ್ಲದ ಮೇಲೆ ಸಪ್ಪೆ ಯಾರಿಗೆ? ಬಾಗಿಲು ತೆಗೆದ ಮೇಲೆ ಸಾರಿಗೆ ಉಪ್ಪು ಬೆರೆಸಿ ನಮಗೆ ಬಡಿಸಿಕೊಂಡರೆ ಮುಗಿಯಿತು, ಅತ್ತೆಗೂ ತಿಳಿಯುವುದಿಲ್ಲ. ಇಷ್ಟು ಅಚ್ಚುಕಟ್ಟಾಗಿ ಯೋಚಿಸಿದ ಮೇಲೂ ನಾನು ಪ್ಯಾಕೆಟ್ಟು ಹಿಡಿದು ಅಲ್ಲೇ ನಿಂತಿದ್ದೆ. ಕಣ್ಣೆದುರಿಗೆ ಬರುತ್ತಿದ್ದದ್ದು ಮೊದಲ ತುತ್ತು ಬಾಯಿಗಿಟ್ಟು ತಲೆ ತಗ್ಗಿಸುವ ಮಾವನವರ ಮುಖ.

ಹೋಗಿ ಅತ್ತೆಯ ಕಿವಿಯಲ್ಲಿ ಹೇಳಿಬಿಟ್ಟೆ. ಮೆಲ್ಲಗೆ ಹೇಳಿದರೂ ಪಕ್ಕದಲ್ಲಿದ್ದ ನಾದಿನಿಗೆ ಕೇಳಿಸಿತು.

"ಅತ್ತಿಗೆ, ಸತ್ ಮ್ಯಾಲೂ ಪಥ್ಯನಾ ನಮ್ಮಪ್ಪನಿಗೆ?" ಎಂದಳು.

ಯಜಮಾನರು ನಗು ತಡೆಯಲು ಮೀಸೆ ಒರೆಸಿಕೊಂಡರು. ಆಮೇಲೆ ಗಂಭೀರವಾಗಿ, ಈಗ ಬಾಗಿಲು ತೆಗೆಯುವುದು ಶಾಸ್ತ್ರವಲ್ಲ, ಆದದ್ದಾಯಿತು, ಮುಂದಿನ ವರ್ಷ ನೋಡಿಕೊಳ್ಳೋಣ ಎಂದರು.

"ನಿಮ್ಮಪ್ಪ ಸಪ್ಪೆ ಉಂಡು ಓಗದು ಸಾಸ್ತ್ರವೇನ್ಲಾ?" ಎಂದು ಅತ್ತೆ ಎದ್ದರು.

ಉಪ್ಪಿನ ಪ್ಯಾಕೆಟ್ಟನ್ನು ಅವರು ನನ್ನ ಕೈಯಿಂದ ತೆಗೆದುಕೊಳ್ಳುತ್ತಾರೆ ಅಂದುಕೊಂಡಿದ್ದೆ. ತೆಗೆದುಕೊಳ್ಳಲಿಲ್ಲ. ಉಪ್ಪು ಬಿಡಿಸಿದವಳು ನೀನು, ನೀನೇ ಹೋಗಿ ಇಕ್ಕು ಎಂದರು. ಬಾಗಿಲನ್ನು ಮೂರು ಸಲ ತಟ್ಟಿದರು. ಕೆಮ್ಮಿದರು. ಬಾಗಿಲಿಗೆ ಬಾಯಿಟ್ಟು, ಸೊಸೆ ಬರುತ್ತಿದ್ದಾಳೆ, ಏಳಬೇಡಿ, ಬೈಯಲೂಬೇಡಿ ಎಂದು ಹೇಳಿ ನನ್ನನ್ನು ಒಳಗೆ ದೂಡಿದರು.

ಒಳಗೆ ಧೂಪದ ಹೊಗೆ ಬಿಟ್ಟರೆ ಏನೂ ಇರಲಿಲ್ಲ. ಸಾರಿನ ಮೇಲೆ ಎಣ್ಣೆ ಕೆನೆಗಟ್ಟಿತ್ತು. ಹೊಸ ಪಂಚೆಯ ಮೇಲೆ ಒಂದು ಇರುವೆ ಹೋಗುತ್ತಿತ್ತು. ನಾನು ಎಲೆಯ ಮುಂದೆ ಮಂಡಿಯೂರಿ ಕೂತು, ಪ್ಯಾಕೆಟ್ಟಿನ ಬಾಯಿ ಹರಿದು ಸಾರಿಗೊಂದು, ಗೊಜ್ಜಿಗೊಂದು, ಕೈಮ ಉಂಡೆಗೊಂದು ಚಿಟಿಕೆ ಹಾಕಿದೆ. ಅಭ್ಯಾಸಬಲ, ಚಿಟಿಕೆ ಚಿಕ್ಕದೇ ಆಯಿತು.

"ಸಾಕಾ ಮಾವ?" ಎಂದೆ.

ಕೇಳಿದ ಮೇಲೆ ಉತ್ತರಕ್ಕೆ ಕಾಯುವುದು ಮರ್ಯಾದೆ. ಸ್ವಲ್ಪ ಹೊತ್ತು ಕಾದೆ. ಆಮೇಲೆ ಎಲೆಯ ತುದಿಯಲ್ಲಿ ಒಂದು ಹಿಡಿ ಉಪ್ಪು ಗುಡ್ಡೆ ಹಾಕಿ, ಬೆನ್ನು ತೋರಿಸದೆ ಹಿಂದೆ ಹಿಂದೆ ನಡೆದು ಹೊರಗೆ ಬಂದೆ.

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. "ಏನಂದ್ರು?"

ಕಾನ್ವೆಂಟಿನಲ್ಲಿ ಸುಳ್ಳು ಹೇಳಿದರೆ ಮಂಡಿಯೂರಿಸುತ್ತಿದ್ದರು. ನನ್ನ ಮಂಡಿಯ ಕೆಲಸ ಆಗಲೇ ಮುಗಿದಿತ್ತು.

"ಇನ್ನೊಂಚೂರು ಹಾಕಮ್ಮ ಅಂದ್ರು" ಎಂದೆ.

"ಅಂದೇ ಅಂತಾರೆ" ಎಂದು ಅತ್ತೆ ಬಾಗಿಲನ್ನು ಮತ್ತೆ ಎಳೆದು ಮುಚ್ಚಿದರು. ಇಷ್ಟು ಹೊತ್ತು ಕಾದದ್ದು ಲೆಕ್ಕಕ್ಕಿಲ್ಲ, ಅವರು ಈಗ ತಾನೇ ಶುರು ಮಾಡಿದ್ದಾರೆ, ಯಾರೂ ಅವಸರ ಮಾಡಬೇಡಿ ಎಂದರು. ನಾವೆಲ್ಲ ಹೊಟ್ಟೆ ಹಸಿದುಕೊಂಡು ಇನ್ನೂ ಅರ್ಧ ಗಂಟೆ ಜಗುಲಿಯ ಮೇಲೆ ಕೂತೆವು.