ರಫ್ ಹಾಳೆಯ ಇನ್ನೊಂದು ಬದಿ

ಜನವರಿ 12, ಭಾನುವಾರ, ಬೆಳಗ್ಗೆ 7.20.

ರದ್ದಿಗೆ ಹಾಕೋಣವೆಂದು ಬೀರುವಿನ ಮೇಲಿಂದ ಹಳೆಯ ಹಾಳೆಗಳ ಕಟ್ಟೊಂದನ್ನು ಇಳಿಸಿದೆ. ಜೆರಾಕ್ಸ್ ವಾಸನೆ ಇನ್ನೂ ಹೋಗಿಲ್ಲ. ತ್ಯಾಗರಾಜನಗರದ ಮಂಜಣ್ಣನ ಜೆರಾಕ್ಸ್ ಅಂಗಡಿ ನೆನಪಾಯಿತು.

ನಿಮಗೆ ಮೊದಲೇ ಹೇಳಿಬಿಡಬೇಕು: ನನಗೆ ಎಣಿಸುವ ಚಟ. ಎರಡು ವರ್ಷದ ಹಿಂದೆ, ಬೋರ್‌ವೆಲ್ ನೀರಿನಿಂದ ಫ್ಲೋರೈಡ್ ತೆಗೆಯುವ ಪುಡಿಯೊಂದರ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಗ, ಆ ವಿಷಯದ ಸಂಶೋಧನಾ ಲೇಖನಗಳನ್ನೆಲ್ಲ ಮಂಜಣ್ಣನ ಹತ್ತಿರ ಪ್ರಿಂಟ್ ಹಾಕಿಸಿ, ಡೈರಿಯಲ್ಲಿ ದೇಶವಾರು ಲೆಕ್ಕ ಬರೆಯುತ್ತಿದ್ದೆ. ನೂರಾ ನಾಲ್ಕರಲ್ಲಿ ಐವತ್ತೆಂಟು ಚೀನಾದವು. ತಿಂಗಳು ತಿಂಗಳಿಗೂ ಆ ಸಾಲೇ ಉದ್ದವಾಗುತ್ತಿತ್ತು.

“ಮತ್ತೆ ಚೈನಾ ಮಾಲಾ ಮೇಡಂ? ವಾರಂಟಿ ಇದ್ಯಾ?” ಎಂದು ಮಂಜಣ್ಣ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಇಷ್ಟೊಂದು ಬರೆಯುವವರು ಸರಿಯಾಗಿ ಎಲ್ಲಿ ಮಾಡಿರುತ್ತಾರೆ ಎಂಬುದು ನಮ್ಮ ಲ್ಯಾಬಿನ ಎಲ್ಲರ ಮಾತು. ಚೀನಾದ ಲೇಖನಗಳ ಮೂಲೆಗೆ ಕೆಂಪು ಗೀಟು ಎಳೆದು, ಓದದೆ, ಖಾಲಿ ಬೆನ್ನನ್ನು ರಫ್ ಹಾಳೆ ಮಾಡಿಕೊಳ್ಳುತ್ತಿದ್ದೆ. ಕಾಗದ ಉಳಿಸಿದ ಹೆಮ್ಮೆ ಬೇರೆ.

ಆಗಲೇ ನನ್ನ ಪುಡಿ ಕೈಕೊಟ್ಟಿತು. ಲ್ಯಾಬಿನ ಶುದ್ಧ ನೀರಿಗೆ ಬೆರೆಸಿದ ಫ್ಲೋರೈಡನ್ನು ಚೆನ್ನಾಗಿಯೇ ಹಿಡಿಯುತ್ತಿದ್ದದ್ದು, ಬೋರ್‌ವೆಲ್ ನೀರಿಗೆ ಹಾಕಿದರೆ ಅರ್ಧಕ್ಕೆ ಇಳಿಯಿತು. ಹದಿನಾಲ್ಕು ಸಲ ಮಾಡಿದೆ. ಹದಿನಾಲ್ಕು ಸಲವೂ ಅಷ್ಟೇ.

“ನಿನ್ ಕೈಯಲ್ಲೇ ಏನೋ ತಪ್ಪಿದೆ ಕಣಮ್ಮ,” ಎಂದರು ಗೈಡ್ ಮೇಡಂ. “ಸೋಮವಾರದೊಳಗೆ ಕಾರಣ ತೋರ್ಸು. ಇಲ್ಲಾಂದ್ರೆ ಈ ಚಾಪ್ಟರ್ ಬಿಟ್ಬಿಡೋಣ.”

ಅದನ್ನು ಬಿಟ್ಟರೆ ನನ್ನ ಥೀಸಿಸ್‌ನಲ್ಲಿ ಉಳಿಯುವುದು ಮುನ್ನುಡಿ ಮತ್ತು ಕೃತಜ್ಞತೆ.

ಶನಿವಾರ ಸಂಜೆ, ಮೇಡಂಗೆ ಒಪ್ಪಿಸಲೆಂದು ಹದಿನಾಲ್ಕು ಸಲದ ಲೆಕ್ಕವಿದ್ದ ರಫ್ ಹಾಳೆಗಳ ಪ್ರತಿ ತೆಗೆಸಲು ಹೋದೆ. ಮಂಜಣ್ಣ ಒಂದನ್ನು ಆ ಕಡೆ ಈ ಕಡೆ ತಿರುಗಿಸಿದರು.

“ಯಾವ ಕಡೆ ಹೊಡೀಲಿ ಮೇಡಂ? ಎರಡೂ ಕಡೆ ಒಂದೇ ಜಾರುಬಂಡೆ ಇದೆ.”

ಒಂದು ಬದಿಯಲ್ಲಿ ನಾನು ಪೆನ್ಸಿಲಿನಲ್ಲಿ ಎಳೆದ, ಕೆಳಗಿಳಿಯುವ ಗೆರೆ. ಇನ್ನೊಂದು ಬದಿಯಲ್ಲಿ ಚೀನಾದ ಯಾರೋ ಅಚ್ಚು ಹಾಕಿಸಿದ ಅಂಥದ್ದೇ ಗೆರೆ. ಅದರ ಕೆಳಗೆ ಕಾರಣ: ಅಂತರ್ಜಲದ ಬೈಕಾರ್ಬನೇಟ್ ಮೊದಲೇ ಬಂದು ಪುಡಿಯ ಮೇಲೆ ಜಾಗ ಹಿಡಿದು ಕೂರುತ್ತದೆ, ಫ್ಲೋರೈಡಿಗೆ ಸೀಟಿಲ್ಲ.

ಅಲ್ಲೇ ಸ್ಟೂಲಿನ ಮೇಲೆ ಕೂತು, ಆ ಹಾಳೆಯನ್ನು ಹಣೆಗೆ ಬಡಿದುಕೊಂಡೆ.

“ಯಾಕ್ ಮೇಡಂ, ನೀರು ಬೇಕಾ?”

“ಬೇಡಣ್ಣ, ನೀರಿಂದ್ಲೇ ಇಷ್ಟೆಲ್ಲ ಆಗಿದ್ದು.”

ಮರುದಿನ ಲ್ಯಾಬ್ ತೆರೆಸಿ, ಬೋರ್‌ವೆಲ್ ನೀರಿಗೆ ಸ್ವಲ್ಪ ಆಮ್ಲ ಬೆರೆಸಿ ಬೈಕಾರ್ಬನೇಟ್ ಹೋಗಲಾಡಿಸಿ, ಮತ್ತೆ ಮಾಡಿದೆ. ಹದಿನೈದನೆಯ ಸಲ ಗೆರೆ ಮೇಲೇರಿತು. ಪ್ರಯೋಗ ಮಾಡಿದ ಕೈ ಸರಿಯಾಗಿಯೇ ಇತ್ತು; ತಪ್ಪಿದ್ದು ಕೆಂಪು ಗೀಟು ಎಳೆದ ಕೈ. ಅಧ್ಯಾಯ ಉಳಿಯಿತು. ಆ ರಾತ್ರಿ ಒಂಬತ್ತು ಗಂಟೆ ನಿದ್ದೆ ಎಂದು ಡೈರಿಯಲ್ಲಿದೆ.

ಆಮೇಲೆ ಐವತ್ತೆಂಟನ್ನೂ ಕೂತು ಓದಿದೆ. ಎರಡರಲ್ಲಿ ಒಂದೇ ಫೋಟೊ ಬೇರೆ ಬೇರೆ ಪುಡಿಯ ಹೆಸರಿನಲ್ಲಿತ್ತು. ಕೆಲವು ಹೇಳಿದ್ದನ್ನೇ ಹೇಳಿದ್ದವು. ಹೆಚ್ಚಿನವು ನನ್ನ ಕೆಲಸಕ್ಕಿಂತ ಅಚ್ಚುಕಟ್ಟು. ಉಳಿದ ದೇಶಗಳ ನಲವತ್ತಾರರಲ್ಲೂ, ನಮ್ಮವೂ ಸೇರಿ, ಜೊಳ್ಳು ಇದ್ದೇ ಇತ್ತು. ಅವಕ್ಕೆ ನಾನು ಗೀಟು ಎಳೆದಿರಲಿಲ್ಲ, ಅಷ್ಟೇ.

ಇವತ್ತು ಆ ಕಟ್ಟನ್ನು ಮತ್ತೆ ಬೀರುವಿನ ಮೇಲಿಟ್ಟೆ. ಡೈರಿಯಲ್ಲಿ ಈಗ ದೇಶದ ಕಾಲಂ ಇಲ್ಲ. ‘ಓದಿದೆ’ ಎಂಬುದೊಂದೇ ಇದೆ. ಆದರೆ ಮಳೆಗಾಲ ಮುಗಿದ ಮೇಲೆ ಜೆಪಿ ನಗರದ ನಮ್ಮ ಮನೆಯ ಬೋರ್‌ವೆಲ್ ನೀರಿನಲ್ಲಿ, ಆಮ್ಲ ಬೆರೆಸಿದರೂ, ಆ ಗೆರೆ ಇನ್ನೂ ಸ್ವಲ್ಪ ಜಾರುತ್ತದೆ. ಏಕೆಂದು ತಿಳಿಯದು. ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಬರೆಯಿರಿ. ಎಲ್ಲಿಂದ ಬಂದ ಹಾಳೆಯಾದರೂ ಎರಡೂ ಬದಿ ಓದುತ್ತೇನೆ.