ಏಳನೇ ಪ್ರಶ್ನೆಯ ಚೀಟಿ

ಸದನದ ಒಳಗೆ ಓಡಾಡುವ ಜವಾನನಿಗೆ ಮೂರು ಕಟ್ಟಳೆ. ಬೂಟು ಸದ್ದು ಮಾಡಬಾರದು. ಮಾತನಾಡುತ್ತಿರುವ ಸದಸ್ಯರಿಗೂ ಸಭಾಧ್ಯಕ್ಷರಿಗೂ ನಡುವೆ ಅಡ್ಡ ಹಾಯಬಾರದು. ಕೈಗೆ ಕೊಟ್ಟ ಚೀಟಿಯನ್ನು ಓದಬಾರದು. ಮೊದಲ ಎರಡನ್ನು ಹೊಸಬರೂ ಒಂದು ವಾರದಲ್ಲಿ ಕಲಿಯುತ್ತಾರೆ. ಮೂರನೆಯದನ್ನು ಇಪ್ಪತ್ತೊಂಬತ್ತು ವರ್ಷ ಒಂದು ದಿನವೂ ತಪ್ಪದೆ ನಡೆಸಿದವನು ಇವನೊಬ್ಬನೇ. ಅದಕ್ಕೇ ಇವನಿಗೆ ಚೀಟಿಯಣ್ಣ ಎಂದು ಹೆಸರು ಬಿದ್ದಿತ್ತು. ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು.

ಅವನ ಕೆಲಸ ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡರವರೆಗಿನ ಒಂದು ಗಂಟೆಯದು. ಆ ಹೊತ್ತಿನಲ್ಲಿ ಸದಸ್ಯರು ಪ್ರಶ್ನೆ ಕೇಳುತ್ತಾರೆ, ಮಂತ್ರಿಗಳು ಉತ್ತರ ಹೇಳುತ್ತಾರೆ. ಅಚ್ಚಾದ ಉತ್ತರ ಮೊದಲೇ ಮಂತ್ರಿಯ ಕೈಯಲ್ಲಿರುತ್ತದೆ. ಅದನ್ನು ಓದುವುದೇನು ಮಹಾ. ಆದರೆ ಅದರ ಬೆನ್ನಿಗೆ ಯಾರಾದರೂ ಉಪಪ್ರಶ್ನೆ ಹಾಕಿದರೋ, ಮಂತ್ರಿಯ ಕತ್ತು ಪಕ್ಕದ ಮರದ ಕಟಕಟೆಯ ಕಡೆ ತಿರುಗುತ್ತದೆ. ಅಲ್ಲಿ ಇಲಾಖೆಯ ಅಧಿಕಾರಿಗಳು ಕಡತ ಹಿಡಿದು ಕೂತಿರುತ್ತಾರೆ. ಅವರು ಗೀಚಿಕೊಟ್ಟ ಚೀಟಿಯನ್ನು ಇಪ್ಪತ್ತೆರಡು ಹೆಜ್ಜೆ ನಡೆದು ಮಂತ್ರಿಯ ಮುಂದೆ ಇಡಬೇಕು. ರಸ್ತೆ ಗುಂಡಿ, ಶಾಲೆಯ ಶೌಚಾಲಯ, ಕುಡಿಯುವ ನೀರು, ಕೋಳಿ ಸಾಕಣೆ, ಜಗತ್ತಿನ ಯಾವ ವಿಷಯವೇ ಬರಲಿ, ಚೀಟಿ ತಲುಪಿದ ಕೂಡಲೇ ಮಂತ್ರಿಗೆ ಅದು ಹುಟ್ಟಿನಿಂದಲೇ ಗೊತ್ತಿದ್ದಂತೆ ಬಾಯಿ ಬರುತ್ತದೆ. ಚೀಟಿಯಣ್ಣ ಒಳಗಿನ ಬರಹ ನೋಡುತ್ತಿರಲಿಲ್ಲ, ಮಡಿಕೆ ನೋಡುತ್ತಿದ್ದ. ಒಂದೇ ಮಡಿಕೆಯಾದರೆ ಅಂಕಿಸಂಖ್ಯೆ. ನಾಲ್ಕು ಮಡಿಕೆಯಾದರೆ ಮಂತ್ರಿಗೆ ಕಷ್ಟಕಾಲ.

ಅವನದು ರಾಜಧಾನಿಯಿಂದ ಒಂದು ಗಂಟೆ ರೈಲಿನ ದೂರದ ಸಣ್ಣ ಪಟ್ಟಣ. ಮನೆಯಲ್ಲಿ ಅವನು, ಅವನ ಅಕ್ಕ. ತಾಯಿ ಸತ್ತಾಗ ಅವನಿಗೆ ಆರು ವರ್ಷ, ಅಕ್ಕನಿಗೆ ಹದಿನೈದು. ಬಟ್ಟೆ ಹೊಲಿದು ಅವನನ್ನು ಸಾಕಿದವಳು ಮದುವೆಯ ಮಾತು ಬಂದಾಗಲೆಲ್ಲ, "ಈ ಕೋತಿಯನ್ನ ಯಾರ ತಲೆಗೆ ಕಟ್ಟಿ ಹೋಗ್ಲಿ" ಎಂದು ನಕ್ಕು ಬಿಟ್ಟವಳು. ಮದುವೆ ಅವನಿಗೂ ಆಗಲಿಲ್ಲ. ಈಗ ಅವಳ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ಮಷೀನಿಗೆ ಹಾಕಿ ರಕ್ತ ತೊಳೆಯಬೇಕು. ಪಟ್ಟಣದ ಸರ್ಕಾರಿ ಆಸ್ಪತ್ರೆಯಲ್ಲಿ ಅಂಥದೊಂದು ಮಷೀನು ಇತ್ತು. ಮನೆಯಿಂದ ನಡೆದರೆ ಹತ್ತು ನಿಮಿಷ. ಐದು ತಿಂಗಳ ಹಿಂದೆ ಅದು ಕೆಟ್ಟು ನಿಂತಿತು. ಕೋಣೆಗೆ ಬೀಗ ಬಿತ್ತು. ರಾಜಧಾನಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸರದಿ ವರ್ಷಕ್ಕೂ ಬಾರದು, ಖಾಸಗಿಯದಕ್ಕೆ ಜವಾನನ ಸಂಬಳ ಸಾಲದು. ಅಲ್ಲಿಂದ ಮುಂದೆ ಅಕ್ಕ ಎರಡೂವರೆ ಗಂಟೆ ಬಸ್ಸಿನಲ್ಲಿ ಕೂತು ಬೇರೆ ಊರಿನ ಆಸ್ಪತ್ರೆಗೆ ಹೋಗಬೇಕು, ಮತ್ತೆ ಎರಡೂವರೆ ಗಂಟೆ ಬರಬೇಕು. ಸದನ ನಡೆಯುವ ದಿನಗಳಲ್ಲಿ ಇವನಿಗೆ ರಜೆ ಇಲ್ಲ. ಒಬ್ಬಳೇ ಹೋಗುತ್ತಿದ್ದಳು. ಹೋದ ವಾರ ಬಸ್ಸಿನಲ್ಲೇ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಡಾಕ್ಟರು ಇವನನ್ನು ಪಕ್ಕಕ್ಕೆ ಕರೆದು, "ಇನ್ನೂ ಕೆಲವು ತಿಂಗಳು ಹೀಗೇ ಓಡಾಡಿಸಿದ್ರೆ ಹೃದಯ ತಡೆಯಲ್ಲ. ಊರಲ್ಲೇ ವ್ಯವಸ್ಥೆ ಮಾಡ್ಕೊಳ್ಳಿ" ಎಂದಿದ್ದರು. ವ್ಯವಸ್ಥೆಯಂತೆ. ಮಷೀನೇನು ಸಂತೆಯಲ್ಲಿ ಸಿಗುವ ಸೌತೆಕಾಯಿಯೇ?

ಇಪ್ಪತ್ತೊಂಬತ್ತು ವರ್ಷದಲ್ಲಿ ಯಾರಲ್ಲೂ ಏನೂ ಬೇಡದವನು ಆಗ ಬೇಡಿದ. ತನ್ನ ಊರಿನ ಸದಸ್ಯರನ್ನು ಮೆಟ್ಟಿಲ ಬಳಿ ಕಾದು ನಿಲ್ಲಿಸಿದ. ಅವರು ಎರಡು ಚುನಾವಣೆ ಸೋತು ಮೂರನೆಯದರಲ್ಲಿ ಗೆದ್ದು ಬಂದ ಗಟ್ಟಿ ಆಸಾಮಿ. ಪ್ರಶ್ನೆ ಬರೆದುಕೊಟ್ಟರು. ಯಾವ ಪ್ರಶ್ನೆ ಮೊದಲು ಎಂದು ಚೀಟಿ ಎತ್ತಿದಾಗ ಅದು ಏಳನೆಯದಾಗಿ ಬಂತು. ಒಂದು ಗಂಟೆಯಲ್ಲಿ ಸಾಮಾನ್ಯವಾಗಿ ಏಳೆಂಟು ಪ್ರಶ್ನೆ ಮುಗಿಯುತ್ತವೆ. ಅದೂ ಅಧಿವೇಶನದ ಕೊನೆಯ ದಿನಕ್ಕೆ. ಮುಂದಿನದು ನಾಲ್ಕು ತಿಂಗಳ ಮೇಲೆ.

ಆ ದಿನ ಬೆಳಿಗ್ಗೆ ರೈಲಿಗೆ ಹೋಗುವ ಮುಂಚೆ ಚೀಟಿಯಣ್ಣ ಆಸ್ಪತ್ರೆಗೆ ಹೋಗಿ ನೋಡಿಬಂದ. ಅದೇ ಬೀಗ. ಬೀಗದ ಮೇಲೆ ಜೇಡರ ಬಲೆ. ಸದನದ ಮೊಗಸಾಲೆಯಲ್ಲಿ ಸದಸ್ಯರು ಸಿಕ್ಕರು.

"ಸಾರ್, ಬೀಗ ಹಾಗೇ ಇದೆ ಸಾರ್. ಇವತ್ತು ಬಿಡಬೇಡಿ."

"ನಿನ್ನ ಕೆಲಸ ನೀನು ಮಾಡು ಮಾರಾಯ, ನನ್ನ ಕೆಲಸ ನಾನು ಮಾಡ್ತೀನಿ" ಎಂದು ಅವರು ಜೇಬು ತಟ್ಟಿಕೊಂಡು ಒಳಗೆ ಹೋದರು. ದೊಡ್ಡವರು ಸಣ್ಣವರನ್ನು ಸಾಗಹಾಕುವುದು ಹೀಗೆಯೇ ಎಂದುಕೊಂಡ ಇವನು.

ಮೊದಲ ಪ್ರಶ್ನೆ ಒಂದು ಸೇತುವೆಯದು. ಅದಕ್ಕೇ ಹದಿನೆಂಟು ನಿಮಿಷ ನುಂಗಿದರು. ಎರಡನೆಯದು ಬೀದಿನಾಯಿಗಳದು, ಎಲ್ಲರೂ ನಕ್ಕರು. ನಗುವುದಕ್ಕೂ ನಾಲ್ಕು ನಿಮಿಷ ಬೇಕು. ಚೀಟಿಯಣ್ಣ ಗೋಡೆಯ ಗಡಿಯಾರ ನೋಡುತ್ತ ಕಟಕಟೆಗೂ ಮುಂದಿನ ಸಾಲಿಗೂ ನಡೆದ. ಇಪ್ಪತ್ತೆರಡು ಹೆಜ್ಜೆ ಹೋಗುವುದು, ಇಪ್ಪತ್ತೆರಡು ಬರುವುದು. ಐದನೇ ಪ್ರಶ್ನೆ ಕೇಳಬೇಕಾದವರು ಜಾಗದಲ್ಲಿ ಇರಲಿಲ್ಲ, ಅದು ಬಿದ್ದುಹೋಯಿತು. ಯಾರದೋ ಊರಿನ ನೀರು ಹಾಗೆ ಬಿದ್ದುಹೋಯಿತು. ಇವನು ಒಳಗೊಳಗೇ ಬದುಕಿದೆ ಎಂದುಕೊಂಡ, ಅಂದುಕೊಂಡಿದ್ದಕ್ಕೆ ನಾಚಿದ. ಏಳನೇ ಪ್ರಶ್ನೆ ಎಂದು ಕೂಗಿದಾಗ ಹನ್ನೆರಡಕ್ಕೆ ಆರು ನಿಮಿಷ ಇತ್ತು.

ಮಂತ್ರಿ ಅಚ್ಚಾದ ಉತ್ತರ ಓದಿದರು. "ಯಂತ್ರ ಕೆಟ್ಟಿರುವುದು ಸರ್ಕಾರದ ಗಮನಕ್ಕೆ ಬಂದಿದೆ. ಕ್ರಮ ಕೈಗೊಳ್ಳಲಾಗಿದೆ."

ಸದಸ್ಯರು ಎದ್ದರು. "ಕ್ರಮ ಅಂದ್ರೆ ಏನು ಸ್ವಾಮಿ? ಇವತ್ತು, ಈ ಹೊತ್ತು, ಮಷೀನು ಓಡ್ತಿದೆಯೋ ಇಲ್ವೋ? ಅಷ್ಟೇ ಹೇಳಿ."

ಮಂತ್ರಿಯ ಕತ್ತು ಕಟಕಟೆಯ ಕಡೆ ತಿರುಗಿತು. ಇಲಾಖೆಯ ಅಧಿಕಾರಿ ಕಡತವನ್ನೂ ತೆರೆಯದೆ ಸರಸರ ಬರೆದ. ಮಡಿಸುವಷ್ಟೂ ವ್ಯವಧಾನ ಅವನಿಗಿರಲಿಲ್ಲ. "ಏಯ್, ಬೇಗ ಹೋಗಯ್ಯ" ಎಂದು ಬಿಚ್ಚಿದ ಚೀಟಿಯನ್ನೇ ಕೈಗೆ ತುರುಕಿದ.

ಮಡಿಕೆ ಇಲ್ಲದ ಚೀಟಿ ಇವನ ಕೈಗೆ ಬಂದದ್ದು ಅದೇ ಮೊದಲು. ಕಣ್ಣು ತಾನಾಗಿ ಅಕ್ಷರದ ಮೇಲೆ ಬಿತ್ತು. "ಹನ್ನೆರಡನೇ ತಾರೀಖಿನಿಂದ ಯಂತ್ರ ಚಾಲನೆಯಲ್ಲಿದೆ. ದಿನಕ್ಕೆ ಆರು ರೋಗಿಗಳಿಗೆ ಚಿಕಿತ್ಸೆ. ದೂರುಗಳಿಲ್ಲ."

ಅವನ ಕಾಲು ಒಂಬತ್ತನೇ ಹೆಜ್ಜೆಯಲ್ಲಿ ನಿಂತುಬಿಟ್ಟಿತು. ದೂರುಗಳಿಲ್ಲ. ಬಸ್ಸಿನಲ್ಲಿ ಬಿದ್ದು ಹಣೆ ಒಡೆದುಕೊಂಡ ಅಕ್ಕ ಲೆಕ್ಕಕ್ಕಿಲ್ಲ. ಆ ಜೇಡರ ಬಲೆ ಲೆಕ್ಕಕ್ಕಿಲ್ಲ. ಈ ಸುಳ್ಳನ್ನು ತಾನೇ ಹೊತ್ತು, ತಲೆ ಬಾಗಿಸಿ, ಮಂತ್ರಿಯ ಮುಂದೆ ಇಡಬೇಕು. ಅಕ್ಕನ ಬಾಯಿಗೆ ತಾನೇ ಮಣ್ಣು ಹಾಕಿದ ಹಾಗೆ. ಇಷ್ಟು ವರ್ಷ ಇಂಥವನ್ನು ಇನ್ನೆಷ್ಟು ಹೊತ್ತಿದ್ದೇನೋ ಎಂದು ಮೈಯೆಲ್ಲ ಉರಿಯಿತು. ಚೀಟಿ ಇಲ್ಲದಿದ್ದರೆ ಮಂತ್ರಿ ನಿಜ ಒಪ್ಪಿಕೊಳ್ಳಲೇಬೇಕಲ್ಲ, ಇಲ್ಲ ಎನ್ನಲೇಬೇಕಲ್ಲ ಎಂದು ಅವನ ಬಡಬುದ್ಧಿಗೆ ಹೊಳೆಯಿತು. ಚೀಟಿಯನ್ನು ಮುಷ್ಟಿಯೊಳಗೆ ಮುದುರಿ ಕಂಬದ ಹಿಂದೆ ಸರಿದ.

ಮಂತ್ರಿ ಕಾದರು. ಕೆಮ್ಮಿದರು. ನೀರು ಕುಡಿದರು. ಕಟಕಟೆಯಲ್ಲಿ ಅಧಿಕಾರಿ ಎದ್ದು ಕತ್ತು ಉದ್ದ ಮಾಡಿ ಜವಾನನನ್ನು ಹುಡುಕಿದ. ಸಭಾಧ್ಯಕ್ಷರು ಗಡಿಯಾರ ನೋಡಿದರು. ಕೊನೆಗೆ ಮಂತ್ರಿ ನಕ್ಕು, "ಮಾನ್ಯ ಸದಸ್ಯರಿಗೆ ಪೂರ್ಣ ಮಾಹಿತಿಯನ್ನು ಲಿಖಿತವಾಗಿ ಒದಗಿಸುತ್ತೇನೆ" ಎಂದು ಕೂತುಬಿಟ್ಟರು.

"ಓಡ್ತಿದೆಯೋ ಇಲ್ವೋ ಹೇಳೋಕೆ ಲಿಖಿತ ಯಾಕೆ?" ಎಂದು ಸದಸ್ಯರು ಕೂಗುವಷ್ಟರಲ್ಲಿ ಗಂಟೆ ಹೊಡೆಯಿತು. ಪ್ರಶ್ನೆಯ ಹೊತ್ತು ಮುಗಿದಿತ್ತು.

ಮೊಗಸಾಲೆಯಲ್ಲಿ ಸದಸ್ಯರ ಮುಖ ಕೆಂಡವಾಗಿತ್ತು. ಚೀಟಿಯಣ್ಣ ಓಡಿಹೋಗಿ ಮುಷ್ಟಿ ಬಿಚ್ಚಿದ.

"ಸುಳ್ಳು ಬರೆದಿದ್ರು ಸಾರ್. ನಾನು ಕೊಡ್ಲಿಲ್ಲ. ತಡೆದೆ."

ಅವರು ಚೀಟಿ ಓದಿದರು. ಇನ್ನೊಂದು ಸಲ ಓದಿದರು. ಆಮೇಲೆ ಜೇಬಿನಿಂದ ಒಂದು ಫೋಟೋ ತೆಗೆದು ಇವನ ಕಣ್ಣ ಮುಂದೆ ಹಿಡಿದರು. ಬೀಗ ಹಾಕಿದ ಕೋಣೆ, ಅದರ ಮುಂದೆ ಆ ದಿನದ ಪತ್ರಿಕೆ ಹಿಡಿದು ನಿಂತ ಆಸ್ಪತ್ರೆಯ ಕಾವಲುಗಾರ.

"ಈ ಸುಳ್ಳು ಅವನ ಬಾಯಿಂದ ಬರ್ಲಿ ಅಂತ ತಾನೇ ನಾನು ಬಲೆ ಬೀಸಿ ಕೂತಿದ್ದು? ಸದನದಲ್ಲಿ ನಿಂತು ಸುಳ್ಳು ಹೇಳಿದ್ರೆ ಮಂತ್ರಿಗಿರಿಗೇ ಕುತ್ತು. ಈ ಫೋಟೋ ಎತ್ತಿ ಹಿಡಿದಿದ್ರೆ ಸಂಜೆ ಒಳಗೆ ರಿಪೇರಿಯವನು ರೆಕ್ಕೆ ಕಟ್ಕೊಂಡು ನಿಮ್ಮೂರಿಗೆ ಬರ್ತಿದ್ದ. ಬೋನಿಗೆ ಬಿದ್ದ ಹುಲೀನ ಬಾಗಿಲು ತೆಗೆದು ಕಳಿಸ್ದೆಯಲ್ಲೋ."

"ಈ ಚೀಟಿ ಇದೆಯಲ್ಲ ಸಾರ್. ಇದನ್ನೇ ತೋರ್ಸಿ."

"ಇದು ಬರೀ ಕಾಗದ ಕಣಯ್ಯ. ಸಹಿ ಇಲ್ಲ, ಮೊಹರಿಲ್ಲ. ಮಂತ್ರಿ ನಾಲಿಗೆ ಮೇಲೆ ಬಂದಿದ್ರೆ ಅದು ಮಾತು. ಇದನ್ನ ತೋರಿಸಿದ್ರೆ ಮೊದಲು ಹೋಗೋದು ನಿನ್ನ ಅನ್ನ." ಅವರ ಸಿಟ್ಟು ಇಳಿಯಿತು, ದನಿಯೂ ಇಳಿಯಿತು. "ನಾಲ್ಕು ತಿಂಗಳು ತಡ್ಕೋ. ಮತ್ತೆ ಕೇಳೋಣ."

ನಾಲ್ಕು ತಿಂಗಳು. ಗೋಡೆಗೆ ಒರಗಿ ನಿಂತ ಚೀಟಿಯಣ್ಣ ಒಂದೊಂದೇ ವಾರವನ್ನು ಬೆರಳಿನ ಮೇಲೆ ಎಣಿಸತೊಡಗಿದ. ಬೆರಳು ಸಾಲಲಿಲ್ಲ. ಅಲ್ಲಿಂದ ನೇರವಾಗಿ ಸದನದ ಕಾರ್ಯದರ್ಶಿಯ ಕೋಣೆಗೆ ಹೋಗಿ ಚೀಟಿಯನ್ನು ಮೇಜಿನ ಮೇಲೆ ಹರಡಿಟ್ಟ. ಓದಿದ್ದನ್ನೂ ಹೇಳಿದ, ತಡೆದದ್ದನ್ನೂ ಹೇಳಿದ. "ಕೆಲಸದಿಂದ ತೆಗೀರಿ ಬುದ್ಧಿ. ಆದ್ರೆ ಇದು ಸುಳ್ಳು ಅಂತ ಎಲ್ಲಾದ್ರೂ ಬರ್ಕೊಳ್ಳಿ."

ಕಾರ್ಯದರ್ಶಿ ಕನ್ನಡಕದ ಮೇಲಿನಿಂದ ನೋಡಿದರು. "ಸುಳ್ಳೋ ನಿಜವೋ ನಮಗೆ ಸಂಬಂಧವಿಲ್ಲ. ಚೀಟಿ ಯಾಕೆ ತಲುಪಲಿಲ್ಲ ಅನ್ನೋದಷ್ಟೇ ನಮ್ಮ ವಿಷಯ."

ಆ ವಿಷಯದ ವಿಚಾರಣೆ ಮೂರೇ ದಿನದಲ್ಲಿ ಮುಗಿಯಿತು. ಐದು ತಿಂಗಳಿಂದ ಕೆಟ್ಟ ಮಷೀನು ನೋಡಲು ಒಂದು ನರಪಿಳ್ಳೆಯೂ ಹೋಗದ ರಾಜ್ಯಭಾರದಲ್ಲಿ, ಒಂದು ತುಂಡು ಕಾಗದ ಎಲ್ಲಿ ನಿಂತಿತು ಎಂದು ಪತ್ತೆ ಮಾಡಲು ನಾಲ್ವರು ಅಧಿಕಾರಿಗಳು ಕೂತರು. ಒಬ್ಬ ಹೆಜ್ಜೆಗಳನ್ನೂ ಅಳೆಸಿದ. ಚೀಟಿಯಣ್ಣನನ್ನು ಅಮಾನತು ಮಾಡಿದರು. ಬಿಳಿ ಸಮವಸ್ತ್ರ, ಸದ್ದಿಲ್ಲದ ಬೂಟು ಎರಡನ್ನೂ ವಾಪಸು ಇಟ್ಟು ಬಂದ.

ಮನೆಯಲ್ಲಿ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಚಿಕ್ಕೋನಿದ್ದಾಗ ನಿನ್ನ ಕೈಲಿ ಪಕ್ಕದ ಮನೆಗೆ ಒಂದು ಮಾತು ಹೇಳಿ ಕಳ್ಸಿದ್ರೆ ದಾರೀಲೇ ಮರೆತು ಬರ್ತಿದ್ದೆ" ಎಂದಳು. "ಅಂಥೋನಿಗೆ ಈ ಕೆಲಸ ಕೊಟ್ಟಿದ್ದು ಸರ್ಕಾರದ್ದೇ ತಪ್ಪು."

"ಸುಮ್ನಿರಕ್ಕ."

"ಹೋಗ್ಲಿ ಬಿಡೋ. ಬಸ್ಸಲ್ಲಿ ಒರಗೋಕೆ ಒಂದು ಭುಜ ಸಿಕ್ತಲ್ಲ ನಂಗೆ."

ಮೂರು ವಾರ ಆ ಭುಜಕ್ಕೆ ಒರಗಿ ಹೋದಳು. ಕಾಲು ಊದಿ ಚಪ್ಪಲಿ ಹಿಡಿಸದಾಯಿತು. ಮೊದಲು ಮೂರು ಮಾತಿಗೊಂದು ಚೇಷ್ಟೆ ಮಾಡುತ್ತಿದ್ದವಳು ಈಗ ಉಸಿರು ಉಳಿಸಿಕೊಳ್ಳಲು ಸುಮ್ಮನಿರುತ್ತಿದ್ದಳು. ನಾಲ್ಕನೇ ವಾರ ಬಸ್ ನಿಲ್ದಾಣಕ್ಕೆ ಸದಸ್ಯರ ಕಡೆಯವನೊಬ್ಬ ಬಂದು, ಸಾಹೇಬರು ಕೊಟ್ಟರು ಎಂದು ಒಂದು ಲಕೋಟೆ ಇತ್ತುಹೋದ. ಏಳನೇ ಪ್ರಶ್ನೆಗೆ ಮಂತ್ರಿಗಳ ಲಿಖಿತ ಉತ್ತರದ ಪ್ರತಿ.

"ಓದೋ" ಎಂದಳು ಅಕ್ಕ ಬೆಂಚಿನ ಮೇಲೆ ಕೂತು. "ಈಗ ಓದಬಾರದು ಅನ್ನೋರು ಯಾರೂ ಇಲ್ಲವಲ್ಲ."

ಅವನು ಓದಿದ. "ಯಂತ್ರವು ಚಾಲನೆಯಲ್ಲಿರುವುದರಿಂದ ಮುಂದಿನ ಪ್ರಶ್ನೆ ಉದ್ಭವಿಸುವುದಿಲ್ಲ."

"ಇದು ಮಂತ್ರಿ ಮಾತೇ ಅಲ್ವಾ? ಸಹಿ ಇದೆಯಾ?"

"ಸಹಿ ಇದೆ. ಇದನ್ನ ಹಿಡ್ಕೊಂಡು ಕೇಳ್ತೀನಿ ಅಂತ ಸಾಹೇಬ್ರು ಕಾಗದದ ಹಿಂಬದೀಲಿ ಬರೆದಿದಾರೆ. ಮುಂದಿನ ಅಧಿವೇಶನದಲ್ಲಿ."

"ಅದು ಯಾವಾಗ?"

"ಇನ್ನು ಮೂರು ತಿಂಗಳಿಗೆ."

ಅಕ್ಕ ತನ್ನ ಪಾದಗಳನ್ನು ನೋಡಿಕೊಂಡಳು. ಬಸ್ಸು ಬಂತು. ಮೊದಲ ಮೆಟ್ಟಿಲು ಅವಳ ಮೊಣಕಾಲಿನ ಎತ್ತರ. ಒಂದು ಸಲ ಕಾಲೆತ್ತಿ ನೋಡಿದಳು, ಆಗಲಿಲ್ಲ. ಕಂಡಕ್ಟರು, "ಬೇಗ ಹತ್ರಮ್ಮ, ಟೈಮಾಯ್ತು" ಎಂದ. ಚೀಟಿಯಣ್ಣ ಆ ಉತ್ತರವನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಎರಡೂ ಕೈಯಿಂದ ಅಕ್ಕನನ್ನು ಎತ್ತಿಕೊಂಡ. ಅವಳು ಆರು ವರ್ಷದ ಮಗುವಿನಷ್ಟೇ ಹಗುರವಾಗಿದ್ದಳು.